ಕಣ್ಣಿಗೆ ಕಾಣದ ಕಾಯಕ

ಸತ್ಯಶುದ್ಧ ಕಾಯಕದ ಪರೀಕ್ಷೆ ನಡೆಯುವುದು ಯಾರ ಕಣ್ಣಿಗೂ ಬೀಳದ ಕೆಲಸದಲ್ಲಿ. ಕೆಳದಿ ಸೀಮೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳ ದಾರಿಯಲ್ಲಿ ಅಡಿಕೆ ಹೊತ್ತು ಸವೆದ ಹಳೆಯ ಪಿಕಪ್ ವಾಹನವನ್ನು ಮತ್ತೆ ಸಜ್ಜುಗೊಳಿಸುವ ಮೆಕ್ಯಾನಿಕ್‌ನ ದುಡಿಮೆಯೂ ಇದಕ್ಕೆ ಹೊರತಲ್ಲ.

ಹೀಟರ್ ಕೋರ್ ಎಂಬುದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಅದರಲ್ಲಿ ಹರಿದು ಒಳಗಿನ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಂಗಾಜಿನ ಮಸುಕನ್ನು ಕಳೆಯುವುದೂ ಆ ಗಾಳಿಯೇ. ಕೋರ್ ಸೋರಿದಾಗ ಎರಡು ಹೋಸ್‌ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಅದನ್ನು ಬದಿಗಿರಿಸಬಹುದು. ಸೋರಿಕೆ ನಿಲ್ಲುತ್ತದೆ, ಮಸುಕು ಉಳಿಯುತ್ತದೆ. ಸರಿಯಾಗಿ ಮಾಡುವುದಾದರೆ, ಹಲವು ವಾಹನಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಹೊಸ ಕೋರ್ ಕೂರಿಸಬೇಕು. ಸವೆದ ಹೋಸ್‌ಗಳನ್ನು ಬದಲಿಸಿ, ಕೂಲಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಗೆಡಹಬೇಕು. ಬಿಡಿಭಾಗ ಚಿಕ್ಕದು, ದುಡಿಮೆ ದೊಡ್ಡದು.

ಇಲ್ಲಿಯೇ ವಾಹನದ ಒಡೆಯನು ಕೂಲಿಗಾಗಿ ಚೌಕಾಸಿಗಿಳಿಯುವುದು. ಪತಿ ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರಲು ಹೇಳಿದವರು ಶರಣೆ ಆಯ್ದಕ್ಕಿ ಲಕ್ಕಮ್ಮನವರು. ದುಡಿದವನು ಹೆಚ್ಚು ಕೊಳ್ಳಬಾರದೆಂಬ ಆ ನಿಲುವಿಗೆ ಇನ್ನೊಂದು ಮುಖವೂ ಇದೆ: ಕೊಡುವವನು ಕಡಿಮೆ ಕೊಡಬಾರದು. ಕೂಲಿಯನ್ನು ಮುರಿದವನೇ ಮೆಕ್ಯಾನಿಕ್‌ನನ್ನು ಅಡ್ಡದಾರಿಗೆ ತಳ್ಳುತ್ತಾನೆ. ಹಾಗೆ ಉಳಿಸಿದ ಹಣವನ್ನು ಮಠಕ್ಕೆ ಕಾಣಿಕೆಯಾಗಿ ಅರ್ಪಿಸಿದರೂ ಅದು ದಾಸೋಹವೆನಿಸದು.