ರಸ್ತೆ ವಿಭಜಕ: ಪಾದಚಾರಿಗೆ ಆಸರೆಯೋ, ಅಡ್ಡಗೋಡೆಯೋ?

ಬೆಂಗಳೂರಿನ ಹೊಸೂರು ರಸ್ತೆಯಾಗಲಿ, ಹೊರವರ್ತುಲ ರಸ್ತೆಯಾಗಲಿ, ಬೆಳಗಿನ ಹೊತ್ತು ಕಾಣುವ ದೃಶ್ಯ ಒಂದೇ. ಬಸ್ಸಿನಿಂದ ಇಳಿದವರು ವಾಹನಗಳ ನಡುವೆ ನುಸುಳಿ ರಸ್ತೆ ವಿಭಜಕದವರೆಗೆ ಬರುತ್ತಾರೆ. ಅಲ್ಲಿ ಗ್ರಿಲ್‌ನ ಕಿಂಡಿಯನ್ನು ಹುಡುಕಿ ಆಚೆ ದಾಟುತ್ತಾರೆ. ಇದನ್ನು ಶಿಸ್ತಿನ ಕೊರತೆಯೆಂದು ಹಳಿಯುವುದು ಸುಲಭ. ಆದರೆ ಎದುರಿಗಿರುವ ಕಚೇರಿಯನ್ನು ಸೇರಲು ಅರ್ಧ ಕಿಲೋಮೀಟರ್ ಸುತ್ತಬೇಕಾದಲ್ಲಿ ತಪ್ಪು ನಡೆಯುವವರದೋ, ರಸ್ತೆ ರೂಪಿಸಿದವರದೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗಿದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ, 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಯಾವ ವಾಹನವನ್ನೂ ಏರಿದವರಲ್ಲ.

ವಿಭಜಕದ ಮೊದಲ ಕೆಲಸ ಎದುರುಬದುರು ವಾಹನಗಳ ಡಿಕ್ಕಿಯನ್ನು ತಪ್ಪಿಸುವುದು. ಅದರ ಎರಡನೆಯ ಕೆಲಸವನ್ನು ನಮ್ಮ ನಗರಗಳು ಮರೆತಿವೆ. ರಸ್ತೆ ದಾಟುವವರು ನಡುವೆ ನಿಂತು ಉಸಿರು ತೆಗೆದುಕೊಳ್ಳುವ ತಾಣವೂ ಅದೇ. ಲೆಕ್ಕ ಸರಳ. ತಲಾ ಮೂರೂವರೆ ಮೀಟರ್‌ನ ಆರು ಪಥಗಳ ರಸ್ತೆಯ ಅಗಲ 21 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಅದನ್ನು ದಾಟಲು ಹದಿನೇಳೂವರೆ ಸೆಕೆಂಡು ಬೇಕು. ವೃದ್ಧರಿಗೆ, ಮಗುವನ್ನು ಎತ್ತಿಕೊಂಡ ತಾಯಿಗೆ ಇನ್ನೂ ಹೆಚ್ಚು. ನಡುವೆ ನಿಲ್ಲಲು ಎಡೆಯಿದ್ದರೆ ಒಂದು ಸಲಕ್ಕೆ ಒಂಬತ್ತು ಸೆಕೆಂಡು ಸಾಕು, ಒಂದೇ ದಿಕ್ಕಿನ ವಾಹನಗಳನ್ನು ಗಮನಿಸಿದರೆ ಸಾಕು. ಜೀಬ್ರಾ ಪಟ್ಟೆಯಿರುವೆಡೆ ಎತ್ತರಿಸಿದ ವಿಭಜಕವಿದ್ದಲ್ಲಿ ಪಾದಚಾರಿ ಅಪಘಾತಗಳು ಶೇ 46ರಷ್ಟು ಇಳಿಯುತ್ತವೆಂದು ಅಮೆರಿಕದ ಹೆದ್ದಾರಿ ಆಡಳಿತ ಹೇಳಿದೆ.

ನಮ್ಮಲ್ಲಿ ಆಗಿರುವುದು ಬೇರೆಯೇ. ವಿಭಜಕದ ಮೇಲೆ ಗ್ರಿಲ್ ಬಂತು, ಆಳೆತ್ತರದ ಗಿಡ ಬಂತು, ಹಲವು ರಸ್ತೆಗಳಲ್ಲಿ ಮೆಟ್ರೊ ಕಂಬವೂ ಬಂತು. ಕಂಬದ ಮರೆಯಿಂದ ಹೊರಬರುವ ವ್ಯಕ್ತಿ ಚಾಲಕನಿಗೆ ಕಾಣುವುದು ಕೊನೆಯ ಗಳಿಗೆಯಲ್ಲಿ. ಅಡೆತಡೆಯಿಲ್ಲದ ರಸ್ತೆಯಲ್ಲಿ ವೇಗವೂ ಏರುತ್ತದೆ. ಕಾರಿನ ವೇಗ ಗಂಟೆಗೆ 50ರಿಂದ 65 ಕಿ.ಮೀ.ಗೆ ಏರಿದರೆ, ಅದರ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ.

ಸ್ಕೈವಾಕ್ ಇದಕ್ಕೆ ಪೂರ್ಣ ಪರಿಹಾರವಲ್ಲ. ವಾಹನಗಳಿಗೆ ಐದೂವರೆ ಮೀಟರ್ ಎತ್ತರ ಬಿಟ್ಟು ಕಟ್ಟುವ ಸೇತುವೆಯನ್ನು ಏರಲು ಸುಮಾರು ನಲವತ್ತು ಮೆಟ್ಟಿಲು ಹತ್ತಬೇಕು, ಅಷ್ಟನ್ನೇ ಇಳಿಯಬೇಕು. ಲಿಫ್ಟ್ ಕೆಟ್ಟ ದಿನ ಮಂಡಿನೋವಿನವರ ಪಾಲಿಗೆ ಆ ಸೇತುವೆ ಇದ್ದೂ ಇಲ್ಲದಂತೆ.

ವಿಭಜಕದಲ್ಲಿ ದಾರಿ ಬಿಟ್ಟರೆ ದ್ವಿಚಕ್ರ ವಾಹನಗಳು ನುಗ್ಗುತ್ತವೆ ಎಂಬ ಸಂಚಾರ ಪೊಲೀಸರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದಕ್ಕೆ ಮದ್ದು ದಾರಿಯನ್ನೇ ಮುಚ್ಚುವುದಲ್ಲ. ಗಾಲಿಕುರ್ಚಿ ಸಾಗುವಷ್ಟು ಅಂತರದಲ್ಲಿ ಗಿಡ್ಡ ಕಂಬ ನೆಟ್ಟು, ದಾರಿಯನ್ನು ತುಸು ತಿರುವಿ, ಅದರ ಮುಂದೆ ಎತ್ತರಿಸಿದ ಪಟ್ಟೆ ಹಾಗೂ ದೀಪ ಅಳವಡಿಸಿದರೆ ವಾಹನ ನುಸುಳುವುದು ಕಷ್ಟವಾಗುತ್ತದೆ, ನಡೆಯುವವರಿಗೆ ಸುಗಮವಾಗುತ್ತದೆ. ಇಂಥ ತಾಣಗಳು ಬರಬೇಕಾದುದು ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಎದುರಿಗೆ. ಜನ ಈಗಾಗಲೇ ದಾಟುತ್ತಿರುವಲ್ಲಿ.

ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಫುಟ್‌ಪಾತ್‌ನ ಅಂಚಿಗೆ ಬಂದೊಡನೆ ಆ ಹಕ್ಕು ಮುಗಿದುಹೋಗದು. ಅದೇ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ಬಂದಿವೆ. ಪಾಲಿಕೆ, ಪೊಲೀಸ್, ಮೆಟ್ರೊ ನಿಗಮಗಳು ಹೊಣೆಯನ್ನು ಒಬ್ಬರ ಮೇಲೊಬ್ಬರು ಹೊರಿಸುತ್ತ ಕೂರದೆ, ಮುಂದಿನ ಗ್ರಿಲ್‌ಗೆ ಹಣ ಮಂಜೂರು ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಇಲ್ಲಿ ದಾಟುವವರು ಇನ್ನು ಎಲ್ಲಿ ದಾಟಬೇಕು? ಅದಕ್ಕೆ ಉತ್ತರವಿಲ್ಲದಿದ್ದರೆ ಆ ಗ್ರಿಲ್ ಅಪಘಾತವನ್ನು ತಡೆಯುವುದಿಲ್ಲ, ನಾಲ್ಕು ಹೆಜ್ಜೆ ಮುಂದಕ್ಕೆ ಸರಿಸುತ್ತದೆ, ಅಷ್ಟೆ.