ಮುನವಳ್ಳಿಯ ಕಬ್ಬು, ಬ್ರೆಜಿಲ್‌ನ ಲಾಭ

ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ಕಬ್ಬು ಅರೆಯುವ ರೇಣುಕಾ ಶುಗರ್ಸ್ 2010ರಲ್ಲಿ ಬ್ರೆಜಿಲ್‌ನ ಕಾರ್ಖಾನೆಗಳನ್ನೂ ಕೊಂಡಿತು. ‘ಅಲ್ಲಿಯ ಲಾಭದ ತೆರಿಗೆ ಯಾರಿಗ್ರಿ ಸರ?’ ಎಂದು ಕಬ್ಬು ಬೆಳೆಗಾರರ ಹುಡುಗನೊಬ್ಬ ತರಗತಿಯಲ್ಲಿ ಕೇಳಿದ್ದ.

ಮೊದಲು ಬ್ರೆಜಿಲ್‌ಗೆ. ಅಲ್ಲಿಯ ಅಂಗಸಂಸ್ಥೆ ಕಾನೂನಿನ ಕಣ್ಣಿಗೆ ಬೇರೆಯೇ ವ್ಯಕ್ತಿ. ಬೇರೆ ಮನೆ ಮಾಡಿದ ಮಗನ ದುಡಿಮೆಗೆ ಅಪ್ಪ ತೆರಿಗೆ ಕಟ್ಟುವುದುಂಟೆ? ಮಗ ಊರಿಗೆ ಹಣ ಕಳಿಸಿದಾಗ, ಅಂದರೆ ಲಾಭಾಂಶ ಬಂದಾಗ, ನಮ್ಮ ಸರ್ಕಾರ ಕೈ ಚಾಚುತ್ತದೆ. ಕಳಿಸದೇ ಕೂತರೆ ಸಾಮಾನ್ಯವಾಗಿ ಕಾಯಬೇಕು. (ಅಮೆರಿಕ ಜಾಣ; ಕೆಲವು ಬಗೆಯ ಆದಾಯಕ್ಕೆ 1962ರಿಂದಲೇ ಕಾಯುವುದಿಲ್ಲ.) ಹಣ ಊರಿಗೆ ಬರಲೆಂದು 2011ರಲ್ಲಿ ಇಂಥ ಲಾಭಾಂಶಕ್ಕೆ ಶೇ. 15ರ ರಿಯಾಯಿತಿ ದರ ತಂದರು. 2022ರ ಬಜೆಟ್ಟಿನಲ್ಲಿ ತೆಗೆದರು.

ಆದರೆ ಲಾಭವಿದ್ದರೆ ತಾನೆ ತೆರಿಗೆ? ರೇಣುಕಾದ ಬ್ರೆಜಿಲ್ ಘಟಕಗಳು 2015ರಲ್ಲಿ ಸಾಲದ ಹೊರೆಯಿಂದ ಅಲ್ಲಿಯ ನ್ಯಾಯಾಲಯದ ರಕ್ಷಣೆ ಕೋರಿದವು.