ಡೋಲು ಸುಟ್ಟರೂ ಸುಡದ ಲಯ

ವೂಡೂ ಅಂದ ಕೂಡಲೇ ಸೂಜಿ ಚುಚ್ಚಿದ ಗೊಂಬೆ ನೆನಪಾಗುತ್ತಾ? ಅದು ಸಿನಿಮಾದವರ ಕೊಡುಗೆ. ಹೈಟಿಯಲ್ಲಿ ವೋಡು ಅನ್ನೋದು ಜನರ ಧರ್ಮ. ಅದರ ಜೀವಾಳವೇ ಡೋಲು.

ರಾಡಾ ಪೂಜೆಗೆ ಮೂರು ಡೋಲು ಬೇಕು. ಚಿಕ್ಕದು ಬೂಲಾ, ಒಂದೇ ಸಮನೆ ನುಡಿಯುತ್ತೆ. ನಡುವಿನದು ಸೆಗೋನ್. ದೊಡ್ಡದು ಮನ್ಮಾನ್, ಅಂದರೆ ಅಮ್ಮ. ಜೊತೆಗೆ ಓಗಾನ್ ಅನ್ನೋ ಕಬ್ಬಿಣದ ಗಂಟೆ. ಮನ್ಮಾನ್ ನುಡಿಸುವವರು ಇದ್ದಕ್ಕಿದ್ದಂತೆ ಲಯ ಮುರೀತಾರೆ, ಅದಕ್ಕೆ ‘ಕಾಸೇ’ ಅಂತಾರೆ. ಮೈಮೇಲೆ ದೈವ ಬರೋದು ಹೆಚ್ಚಾಗಿ ಆ ಗಳಿಗೆಯಲ್ಲೇ.

1935ರಲ್ಲಿ ಹೈಟಿ ಸರ್ಕಾರ ಇಂಥ ಆಚರಣೆಗಳನ್ನು ನಿಷೇಧಿಸಿತು. ಮರುವರ್ಷವೇ 21ರ ಹರೆಯದ ಅಮೆರಿಕನ್ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಣ ಯಂತ್ರದ ಜೊತೆ ಅಲ್ಲಿಗೆ ಹೋದರು. ಸುಮಾರು 50 ಗಂಟೆಗಳ ಸದ್ದು ಅಲ್ಯೂಮಿನಿಯಂ ತಟ್ಟೆಗಳಿಗೆ ಇಳಿಯಿತು. 1941–42ರಲ್ಲಿ ಕ್ಯಾಥೊಲಿಕ್ ಚರ್ಚ್‌ನ ‘ಮೂಢನಂಬಿಕೆ ವಿರೋಧಿ’ ಅಭಿಯಾನದಲ್ಲಿ ರಾಶಿ ರಾಶಿ ಡೋಲು ಬೆಂಕಿಗೆ ಬಿದ್ದವು. ತಟ್ಟೆಗಳು ಮಾತ್ರ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಭದ್ರ. ಅವು ಸಿ.ಡಿ.ಗಳಾಗಿ ಹೊರಬಂದಿದ್ದು 2009ರಲ್ಲಿ!

ನಮ್ಮ ಕೆಲಸದ ಭಾಷೆಯಲ್ಲಿ ಇದು ಬ್ಯಾಕಪ್. ಆದರೆ ಡೇಟಾ ಯಾರದ್ದೋ ಅವರ ಕೈಗೇ ಸಿಗದಿದ್ದರೆ ಅದು ಅರ್ಧ ಕೆಲಸವಷ್ಟೇ. ಹೈಟಿಯವರು ಅದಕ್ಕಾಗಿ ಕಾಯಲಿಲ್ಲ. ಹೊಸ ಡೋಲು ಕೆತ್ತಿದರು, ಕೈಯಿಂದ ಕೈಗೆ ಲಯ ದಾಟಿಸಿದರು. 2003ರಲ್ಲಿ ಸರ್ಕಾರವೇ ವೋಡುವನ್ನು ಧರ್ಮ ಅಂತ ಒಪ್ಪಿಕೊಂಡಿತು.

ಹೆಡ್‌ಫೋನ್ ಹಾಕಿ ಕೇಳುವಾಗ ಮನ್ಮಾನ್ ಲಯ ಮುರಿಯುವ ಜಾಗಕ್ಕೆ ಕಿವಿಗೊಡಿ. ಅದು ಹಿನ್ನೆಲೆ ಸಂಗೀತ ಅಲ್ಲ, ದೈವವನ್ನು ಕರೆಯೋ ದನಿ.